ಗಾಳಿ ತಿನ್ನುವ ರಕ್ಕಸನ ಹೊಕ್ಕುಳ

ಕಲ್ಲು ಇನ್ನೂ ಮೆತ್ತಗಿದ್ದ ಕಾಲ. ಕಾಗಿಣಾ ಹೊಳೆಯ ದಂಡೆಗೆ ಒಬ್ಬ ರಾಜನಿದ್ದನಂತೆ, ಅವನ ಮನೆಯಲ್ಲಿ ಒಬ್ಬ ರಕ್ಕಸ ದುಡಿಯುತ್ತಿದ್ದನಂತೆ. ಈ ರಕ್ಕಸನಿಗೆ ಕುರಿ ಬೇಡ, ಕೋಳಿ ಬೇಡ, ಬರೀ ಗಾಳಿ ತಿನ್ನುತ್ತಾನೆ. ಹೊಟ್ಟೆ ಬಿರಿಯುವಷ್ಟು ಗಾಳಿ ತಿಂದು ಹತ್ತು ಆಳಿನ ಕೆಲಸ ಮಾಡುತ್ತಾನೆ. ಆದರೆ ತಿಂದ ಗಾಳಿಯೊಳಗಿನ ಪಸೆ ಅವನ ಹೊಟ್ಟೆಯಲ್ಲಿ ನೀರಾಗಿ ನಿಲ್ಲುತ್ತದೆ. ದಿನಾ ಸಂಜೆ ಅವನ ಹೊಕ್ಕುಳ ತಿರುವಿ ಆ ನೀರು ಬಿಡಬೇಕು. ಬಿಡದಿದ್ದರೆ ಹೊಟ್ಟೆ ಒಳಗಿಂದಲೇ ತಿಂದುಹೋಗುತ್ತದೆ. ತಿಂದುಹೋದ ಹೊಟ್ಟೆ ಒಂದು ದಿನ ಒಡೆಯುತ್ತದೆ. ಆಮೇಲೆ ರಕ್ಕಸನೂ ಇಲ್ಲ, ಅರಮನೆಯೂ ಇಲ್ಲ. ರಕ್ಕಸನನ್ನು ತಂದುಕೊಟ್ಟವನು ರಾಜನಿಂದ ಮಾತು ತೆಗೆದುಕೊಂಡೇ ಕೊಟ್ಟಿದ್ದ. ರಾಜನೂ ಮಾತು ಕೊಟ್ಟ. ಆದರೇನು, ಹೊಕ್ಕುಳ ಕೆಳಗಿತ್ತು, ರಾಜನ ತಲೆ ಮೇಲಿತ್ತು.

ಇಷ್ಟಕ್ಕೆ ಭಾಗಮ್ಮಾಯಿ ಕಥೆ ನಿಲ್ಲಿಸಿ ಅಡಿಕೆ ಕತ್ತರಿಸಲು ಕೂತಳು.

"ಮುಂದೇನಾಯ್ತು ಆಯಿ?" ಎಂದಳು ಮೊಮ್ಮಗನ ಹೆಂಡತಿ ರಾಜೇಶ್ವರಿ.

"ನಾ ಹ್ಯಾಂಗ ಹೇಳ್ಲಿ? ರಾಜ ಇನ್ನಾ ಪಡಸಾಲ್ಯಾಗ ಕುಂತಾನಲ್ಲ."

ಪಡಸಾಲೆಯಲ್ಲಿ ಗದ್ದುಗೆಯ ಮೇಲೆ ಕೂತಿದ್ದವರು ಆಯಿಯ ಮಗ, ರಾಜೇಶ್ವರಿಯ ಮಾವ, ಶಹಾಬಾದಿನ ಗುರುಲಿಂಗಯ್ಯನವರು. ಅವರ ಬೆನ್ನ ಹಿಂದೆ, ಕಲ್ಲಿನ ಕಟ್ಟೆಯ ಮೇಲೆ, ಕಾವಿ ಬಟ್ಟೆ ಹೊದ್ದು ಕೂತಿದ್ದವನೇ ರಕ್ಕಸ. ಟಾಕಿಯಲ್ಲಿ ಗಾಳಿ ಒತ್ತಿ ತುಂಬುವ ಕಂಪ್ರೆಸರು; ಊರವರು ಅದನ್ನು ಹವಾ ಮಷೀನು ಅನ್ನುತ್ತಾರೆ.

ಅಯ್ಯನವರು ಜಂಗಮರು. ಭಕ್ತರು ಪಾದಪೂಜೆಗೆ ಕರೆಯುತ್ತಾರೆ, ಕೈಲಾದದ್ದು ಕೊಡುತ್ತಾರೆ. ಕಾಳಗಿಯವರು ತೊಗರಿ ಕೊಡುತ್ತಾರೆ, ಐನಾಪುರದವರು ಒಮ್ಮೆ ಆಕಳನ್ನೇ ಕೊಟ್ಟಿದ್ದರು. ಸೇಡಂನ ದೇವೀಂದ್ರಪ್ಪನದು ಟೈರಿನ ಅಂಗಡಿ. ಅಂಗಡಿಗೆ ದೊಡ್ಡ ಮಷೀನು ತಂದಾಗ, ಮನೆಯಲ್ಲಿ ಬಳಸುವಂಥ ಹಳೆಯ ಸಣ್ಣದನ್ನು ತೊಳೆದು, ಒರೆಸಿ, ಟೆಂಪೋದಲ್ಲಿ ಹೇರಿಕೊಂಡು ಬಂದು ಅಯ್ಯನವರ ಪಾದಕ್ಕೆ ಇಟ್ಟಿದ್ದ.

"ಅಯ್ಯನೋರ, ಇದು ಭಾಳ ಏನೂ ಬೇಡಂಗಿಲ್ಲರಿ. ದಿನಾ ಕೆಲಸ ಆದಮ್ಯಾಗ ಸಂಜಿಗಿ ಕೆಳಗಿನ ನಲ್ಲಿ ತಿರುವಿ ನೀರು ಬಿಡ್ರಿ, ಅಷ್ಟೇ. ನಿಮ್ಮ ಕೈಲೇ ಬಿಡ್ತೀನಿ ಅಂತ ಮಾತು ಕೊಡ್ರಿ, ನಾ ಬಿನ್‌ಫಿಕಿರ್ ಹೋಗ್ತೀನಿ."

ಅಯ್ಯನವರು ಅವನ ತಲೆಯ ಮೇಲೆ ಕೈಯಿಟ್ಟು "ಕೊಟ್ಟೆ" ಅಂದರು.

ಅದಾಗಿ ಎಂಟು ತಿಂಗಳು. ಆ ನಲ್ಲಿ ಒಮ್ಮೆಯೂ ತಿರುಗಿಲ್ಲ.

ಅಯ್ಯನವರ ಮನಸ್ಸು ಕೆಟ್ಟದ್ದಲ್ಲ, ಸೊಂಟ ಮಾತ್ರ ಬಗ್ಗುವ ಜಾತಿಯದಲ್ಲ. ಹುಟ್ಟಿದಾಗಿನಿಂದ ಅವರು ಕಂಡದ್ದು ಬೇರೆಯವರ ಬೆನ್ನುಗಳನ್ನು. ಹೆಗಲಿನ ವಸ್ತ್ರ ಜಾರಿ ನೆಲಕ್ಕೆ ಬಿದ್ದರೆ ಅವರು ಅದನ್ನು ಸುಮ್ಮನೆ ನೋಡುತ್ತಾರೆ. ಹತ್ತಿರವಿದ್ದವರಿಗೆ ಅರ್ಥವಾಗುತ್ತದೆ. ಹತ್ತಿರ ಯಾರೂ ಇಲ್ಲದಿದ್ದರೆ ಅರ್ಥವಾಗುವವರು ಬರುವ ತನಕ ನೋಡುತ್ತಲೇ ಇರುತ್ತಾರೆ. ಇಂಥವರಿಗೆ ದೇವೀಂದ್ರಪ್ಪ ಹೊಟ್ಟೆಯ ಬುಡದಲ್ಲಿ ನಲ್ಲಿಯಿರುವ ದಾನ ಕೊಟ್ಟಿದ್ದ.

ಹಾಗಂತ ಅಯ್ಯನವರು ಮಷೀನನ್ನು ಅಲಕ್ಷ್ಯ ಮಾಡಲಿಲ್ಲ. ಅಲಕ್ಷ್ಯ ಮಾಡಿದ್ದರೆ ಅದು ಸುಖವಾಗಿರುತ್ತಿತ್ತು. ಬಂದ ವಾರಕ್ಕೇ ಅದರ ಗಾಲಿ ಬಿಚ್ಚಿಸಿದರು, ಗವಂಡಿಯನ್ನು ಕರೆಸಿ ಶಹಾಬಾದಿ ಪರಸಿ ಕಲ್ಲಿನ ಮೂರು ಪದರದ ಕಟ್ಟೆ ಕಟ್ಟಿಸಿದರು, ಸಿಮೆಂಟು ಹಾಕಿಸಿ ಕೂಡಿಸಿಬಿಟ್ಟರು. ಗಾಲಿಯ ಮೇಲೆ ಆರಾಮಾಗಿ ತಿರುಗಾಡಿಕೊಂಡಿದ್ದ ಜಂಗಮವನ್ನು ಜಂಗಮರೇ ಸ್ಥಾವರ ಮಾಡಿದರು. ಕಟ್ಟೆಯೊಳಗೆ ಹುದುಗಿದ ನಲ್ಲಿಯ ಎದುರಿಗೆ, ನೆಲದ ಮಟ್ಟಕ್ಕೆ, ಒಂದು ಗೇಣಿನ ಕಿಂಡಿ ಬಿಡಿಸಿದರು. ಆ ಕಿಂಡಿಯೋ ತಮ್ಮ ಗದ್ದುಗೆಯ ಕಡೆಗೇ ಬಾಯಿ ತೆರೆದುಕೊಂಡಿತ್ತು. ಬೆಳಗಿನಿಂದ ಸಂಜೆಯ ತನಕ ಅದಕ್ಕೆ ಬೆನ್ನು ಆನಿಸಿ ಕೂಡುತ್ತಿದ್ದರು, ಮಲಗುವುದೂ ಅಲ್ಲೇ.

ದಸರೆಯ ಖಂಡೇಪೂಜೆಯ ದಿನ ಮಷೀನಿಗೆ ವಿಭೂತಿ ಬಂತು. ಹಣೆ ಎಲ್ಲಿ ಎಂದು ಹುಡುಕಿದ ಅಯ್ಯನವರಿಗೆ ಎದುರಿಗೇ ಗಾಳಿಯ ಒತ್ತಡ ತೋರಿಸುವ ದುಂಡನೆಯ ಗಾಜಿನ ಮೀಟರು ಕಂಡಿತು. ಅದರ ಮೇಲೆ ಮೂರು ಬೆರಳಿಂದ ಗಟ್ಟಿಯಾಗಿ ಎಳೆದರು. ಒಳಗಿನ ಮುಳ್ಳು ಎಲ್ಲಿದೆ ಎಂದು ಅವತ್ತಿನಿಂದ ಮುಳ್ಳಿಗೂ ದೇವರಿಗೂ ಮಾತ್ರ ಗೊತ್ತು. ಕಂಕಣ ಕಟ್ಟಬೇಕಲ್ಲ, ಕೈ ಎಲ್ಲಿ? ಟಾಕಿಯ ನೆತ್ತಿಯಲ್ಲಿ ಒಂದು ಹಿತ್ತಾಳೆ ಮೂತಿ, ಅದಕ್ಕೊಂದು ಸಣ್ಣ ಉಂಗುರ. ಗಾಳಿ ಹೆಚ್ಚಾದರೆ ತಾನೇ ತೆರೆದುಕೊಂಡು ಹೊರಗೆ ಬಿಡುವ ಸೇಫ್ಟಿ ವಾಲು ಅದು. ಅಯ್ಯನವರು ಐದೆಳೆಯ ನೂಲನ್ನು ಅದರ ಮೂತಿಗೂ ಉಂಗುರಕ್ಕೂ ಸುತ್ತಿ, ಅರಿಷಿಣ ಸವರಿ, ಗಂಟು ಹಾಕಿದರು. ಪಾರಾಗಲು ರಕ್ಕಸನಿಗೆ ಇದ್ದದ್ದು ಒಂದೇ ಬಾಯಿ. ಅದಕ್ಕೆ ಭಕ್ತಿಯಿಂದ ಬಟ್ಟೆ ತುರುಕಿದಂತಾಯಿತು.

ಆಮೇಲೆ ಆಶೀರ್ವಾದ ಶುರುವಾಯಿತು. ವಾಡಿ ಕಡೆಯಿಂದ ಬರುವ ಭಕ್ತರ ಮೈಮೇಲೆ ಸಿಮೆಂಟಿನ ಧೂಳು ಇದ್ದೇ ಇರುತ್ತದೆ. ಅಯ್ಯನವರು ಕೂತಲ್ಲಿಂದಲೇ ಗಾಳಿಯ ಗನ್ನು ಎತ್ತಿ ಅವರ ತಲೆಗೆ ಫುಸ್ಸೆಂದು ಬಿಡುತ್ತಿದ್ದರು. ಧೂಳಿನ ಜೊತೆ ಪಾಪವೂ ಹಾರುತ್ತದೆ ಎಂದು ಸುದ್ದಿಯಾಯಿತು. ಸಾಯಬಣ್ಣ ಎಂಬ ಒಬ್ಬ ಭಕ್ತನ ಕಿವಿಗೆ ಹತ್ತಿರದಿಂದ ಬಿಟ್ಟದ್ದಕ್ಕೆ ಮೂರು ದಿನ ಕಿವಿಯಲ್ಲಿ ಗುಂಯ್ ಅಂದಿತು. ಅವನು ದವಾಖಾನೆಗೆ ಹೋಗಲಿಲ್ಲ. ಒಳಗಿನ ನಾದ ಕೇಳಲು ಹತ್ತಿದೆ ಎಂದು ಮನೆಯವರಿಗೆಲ್ಲ ಹೇಳಿ, ನಾಲ್ಕನೆಯ ದಿನ ಗುಂಯ್ ನಿಂತಾಗ ತನ್ನ ಸಾಧನೆ ಸಾಲದೆಂದು ಅತ್ತ.

ಇದನ್ನೆಲ್ಲ ನೋಡುತ್ತಿದ್ದ ರಾಜೇಶ್ವರಿಗೆ ಇದೆಲ್ಲ ತಪ್ಪೆಂದು ಮಷೀನಿನ ಪುಸ್ತಕ ಓದಿ ಗೊತ್ತಿತ್ತು. ಅಯ್ಯನವರು ಆ ಪುಸ್ತಕವನ್ನೂ ದೇವರ ಜಗಲಿಯ ಮೇಲಿಟ್ಟು ಹೂ ಏರಿಸುತ್ತಿದ್ದರು. ಪೂಜೆಗಿಟ್ಟ ಪುಸ್ತಕವನ್ನು ಓದುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಬಾಡಿದ ಹೂ ತೆಗೆಯುವ ಕೆಲಸ ಸೊಸೆಯದು. ದಿನಕ್ಕೊಂದು ಹೂ ತೆಗೆಯುತ್ತ ದಿನಕ್ಕೊಂದು ಪುಟ ಓದಿದಳು. ಗಾಳಿಯನ್ನು ಯಾರ ಮೈಗೂ ಹಿಡಿಯಬಾರದು. ಗಾಳಿ ಎಳೆಯುವ ಜಾಳಿಯ ಧೂಳು ಕೊಡವಬೇಕು. ಎಣ್ಣೆ ಗಾಜಿನ ನಡುಮಟ್ಟಕ್ಕಿರಬೇಕು. ವಾಲಿಗೆ ಏನೂ ಅಡ್ಡ ಇರಬಾರದು. ನೀರು ದಿನಾ ಬಿಡಬೇಕು. ಜಾಳಿ ಕೊಡವಿದಳು, ಎಣ್ಣೆ ಹಾಕಿದಳು. ಅವೆರಡೂ ನಿಂತು ಮಾಡುವ ಕೆಲಸ, ಅಯ್ಯನವರ ಬೆನ್ನಿನ ಹಿಂದೆ ನಡೆಯುವಂಥವು.

ಯಾಕೆಂದರೆ ಆ ಮಷೀನು ಆಕೆಗೆ ಅನ್ನದಷ್ಟೇ ಬೇಕಾಗಿತ್ತು. ಚಿತ್ತಾಪುರದ ಅಂಗನವಾಡಿಗಳಿಗೆ ನಲವತ್ತು ಪುಟ್ಟ ಕುರ್ಚಿ, ಹಳದಿ ಇಪ್ಪತ್ತು, ನೀಲಿ ಇಪ್ಪತ್ತು. ಮದುವೆಯಾದ ಮೇಲೆ ಆಕೆಯ ಹೆಸರಿಗೆ ಬಂದ ಮೊದಲ ಕೆಲಸ. ಪೈಪನ್ನು ಹಿತ್ತಲಿಗೆ ಎಳೆದುಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಕಣ್ಣಿಗೆ ಗಂಡನ ಹಳೆ ಚಷ್ಮಾ ಏರಿಸಿ, ಬಣ್ಣ ಸಿಂಪಡಿಸುವಾಗ ಆಕೆಗೆ ತಾನು ಆಯಿಯ ಕಥೆಯೊಳಗಿನ ಯಾವುದೋ ಹಕ್ಕಿಯ ರೆಕ್ಕೆಗೆ ಬಣ್ಣ ತುಂಬುತ್ತಿದ್ದೇನೆ ಅನಿಸುತ್ತಿತ್ತು.

ಮೊದಲ ಹನ್ನೆರಡು ಕುರ್ಚಿ ಹೋದ ಹಾಗೆಯೇ ತಿರುಗಿ ಬಂದವು. ಜೊತೆಗೆ ಚಂದ್ರಕಲಾ ಮೇಡಂ ಬಂದರು, ಅಂಗನವಾಡಿಗಳ ಉಸ್ತುವಾರಿ ಅವರದು.

"ಏನವ್ವ ಇದು, ಕುರ್ಚಿಗಿ ಅಮ್ಮ ಎದ್ದಾಳೇನು? ಮೈತುಂಬ ಗುಳ್ಳಿ."

"ಗಾಳ್ಯಾಗ ನೀರು ಬರ್ಲಿಕತ್ತದರಿ ಮೇಡಂ. ಟಾಕ್ಯಾಗ ನಿಂತದ್ದು ಗನ್ನಿನ್ಯಾಗ ಹನಿ ಹನಿ ಬರ್ತದ, ಬಣ್ಣ ಹಿಡ್ಯಂಗಿಲ್ಲ."

"ಬರ್ಲಿ ಬಿಡು. ಸೋಮವಾರಕ್ಕ ನಲವತ್ತೂ ನುಣ್ಣಗ ಇರ್ಬೇಕು. ಇಲ್ಲಂದ್ರ ವಾಡಿಯಾಂವ ಒಬ್ಬ ಕಾಯ್ಲಿಕತ್ತಾನ, ಅವಂಗ ಕೊಡ್ತೀನಿ."

ಅವತ್ತೇ ರಾಜೇಶ್ವರಿ ಸೆರಗು ಸರಿಮಾಡಿಕೊಂಡು ಗದ್ದುಗೆಯ ಮುಂದೆ ನಿಂತಳು.

"ಮಾವಾರ, ನೀರು ಬಿಡಬೇಕಾಗಿತ್ತರಿ."

"ನಾಳಿಗಿ."

"ನಿನ್ನೀನೂ ನಾಳಿಗಿ ಅಂದ್ರಿ."

"ನಾ ದಿನಾ ಒಂದೇ ಮಾತು ಹೇಳ್ತೀನಿ. ಮಾತು ಬದಲಿಸಾಂವ ಅಲ್ಲ."

"ನಾನೇ ಬಿಡ್ತೀನಿ, ನೀವು ಜರಾ ಸರೀರಿ."

"ನೀ ಹ್ಯಾಂಗ ಬಿಡ್ತಿ?" ಅಯ್ಯನವರಿಗೆ ಖರೇನೇ ನೋವಾಯಿತು. "ಮಾತು ಕೊಟ್ಟಾಂವ ನಾನು. ನಿನ್ನ ಕೈಲೆ ನೀರು ಬಿಟ್ರ ನನ್ನ ಮಾತು ಸುಳ್ಳಾಗ್ತದ. ಬಿಡದೇ ಇದ್ರ ಬರೇ ತಡ ಆಗ್ತದ. ತಡ ಆದ ಮಾತು ಸುಳ್ಳಲ್ಲ."

"ಬಣ್ಣ ಕೆಡ್ಲಿಕತ್ತದರಿ."

"ಅದು ದೃಷ್ಟಿ. ಕುರ್ಚಿಗಿ ಒಂದೊಂದು ಮೆಣಸಿನಕಾಯಿ ನಿವಾಳಿಸು."

ಗಂಡ ಶರಣಕುಮಾರ ವಾಡಿಯ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸದವನು. ಬಂದವನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತ "ಅಪ್ಪಗ ಯಾರು ಹೇಳಾರು" ಅಂದ. ಅಪ್ಪನಿಗೆ ಹೇಳಬೇಕಾದ ಎಲ್ಲದಕ್ಕೂ ಅವನು ಇಪ್ಪತ್ತು ವರ್ಷದಿಂದ ಇದನ್ನೇ ಅನ್ನುತ್ತ ಬಂದಿದ್ದಾನೆ.

ಗುರುವಾರ ಮಧ್ಯಾಹ್ನ ಹಿತ್ತಲಲ್ಲಿ ಹದಿಮೂರನೆಯ ಕುರ್ಚಿಗೆ ಕೈ ಹಚ್ಚಿದ್ದಳು. ಮಷೀನಿಗೆ ಒಂದು ಅಭ್ಯಾಸ. ಹೊಟ್ಟೆ ತುಂಬಿದ ಕೂಡಲೇ ಟಕ್ ಎಂದು ತಾನೇ ನಿಂತು, ಸಣ್ಣದೊಂದು ನಿಟ್ಟುಸಿರು ಬಿಡುತ್ತದೆ. ಅವತ್ತು ಟಕ್ ಬರಲಿಲ್ಲ. ಆಕೆ ಗನ್ನು ಕೆಳಗಿಟ್ಟು ಕಾದಳು. ಮೋಟರಿನ ದನಿ ಸಣ್ಣಗಾಗುತ್ತ, ಏದುತ್ತ, ಇನ್ನೂ ತಿನ್ನುತ್ತಲೇ ಇತ್ತು. ಹೊಕ್ಕುಳ ತಿರುವದ ರಕ್ಕಸನ ಕಥೆ ಆಕೆಯ ಅಂಗಾಲಿನಿಂದ ಏರಿತು.

ಪಡಸಾಲೆಗೆ ಓಡಿ ಬಂದಳು. ಅಯ್ಯನವರು ಕಟ್ಟೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದ್ದರು, ಟಾಕಿಯ ನಡುಕಕ್ಕೆ ಗಡ್ಡ ಅಲುಗುತ್ತಿತ್ತು. ಸೆರಗಿನಿಂದ ಮೀಟರಿನ ವಿಭೂತಿ ಒರೆಸಿದಳು. ಮುಳ್ಳು ಕೆಂಪು ಗೆರೆ ದಾಟಿ, ಅದರಾಚೆ ಅಂಕಿಯೇ ಇಲ್ಲದ ಬಯಲಿಗೆ ಹೋಗಿ ನಿಂತಿತ್ತು. ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತಳು. "ಮಾವಾರ, ಹೊರಗ ನಡೀರಿ" ಅಂದಳು. ಅಯ್ಯನವರು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದರು. ಆಕೆ ಹಿತ್ತಲಿಗೆ ಹೋಗಿ ಗನ್ನನ್ನು ಬಯಲಿಗೆ ಹಿಡಿದು ಒತ್ತಿಯೇ ನಿಂತಳು. ಗಾಳಿ ಇಳಿಯುವ ತನಕ ಒಂದು ಜನ್ಮ ಕಳೆಯಿತು. ಇಳಿದ ಮೇಲೆ ಆಯಿಯ ಅಡಕೊತ್ತು ತಂದು, ವಾಲಿನ ಮೇಲೆ ಎಣ್ಣೆಗೂ ಧೂಳಿಗೂ ಗಟ್ಟಿಯಾಗಿ ಕೂತಿದ್ದ ಕಂಕಣವನ್ನು ಕತ್ತರಿಸಿ ಹಾಕಿದಳು.

ಸಂಜೆ ಅಯ್ಯನವರು ಕಂಕಣ ಕಾಣದೆ ಗಾಬರಿಯಾದರು.

"ಮಷೀನು ಒಡೀತಿತ್ತರಿ ಮಾವಾರ. ಮುಳ್ಳು ಕೆಂಪು ದಾಟಿತ್ತು."

"ಭಕ್ತಿಲೆ ಉಬ್ಬಿರ್ತದ" ಎಂದು ಅಯ್ಯನವರು ಈ ಸಲ ಒಂಬತ್ತೆಳೆಯ ನೂಲು ಕಟ್ಟಿದರು.

ರಾಜೇಶ್ವರಿ ಅಡುಗೆಮನೆಗೆ ಹೋಗಿ ಆಯಿಯ ಮುಂದೆ ಕೂತಳು. ನಾಲ್ಕು ದಿನ, ಇಪ್ಪತ್ತೆಂಟು ಕುರ್ಚಿ, ಮೇಲೆ ಗುಳ್ಳೆ ಎದ್ದ ಹನ್ನೆರಡು ಬೇರೆ. ಈ ಮಷೀನಿಗೆ ಮತ್ತೆ ಪ್ಲಗ್ಗು ಹಾಕುವ ಧೈರ್ಯವಿಲ್ಲ, ಹಾಕದಿದ್ದರೆ ಕೆಲಸವಿಲ್ಲ.

"ಆಯಿ, ಆ ರಾಜ ಯಾರ ಮಾತೂ ಕೇಳಂಗಿಲ್ಲೇನು?"

ಆಯಿ ಅಡಿಕೆಯ ಹೋಳೊಂದನ್ನು ದವಡೆಗಿಟ್ಟಳು. ಕೊಡ್ಲಿ ಊರಿನಿಂದ ಮದುವೆಯಾಗಿ ಬಂದ ದಿನದಿಂದ ಈ ಮನೆಯ ಗಂಡಸರನ್ನು ನೋಡಿದವಳು. "ಹೆಂಡ್ತಿ ಮಾತು ಕೇಳ್ಳಿಲ್ಲ, ತೀರ್ಕೊಂಡಳು. ಹಡೆದಾಕಿ ಮಾತಂತೂ ಕೇಳಂಗೇ ಇಲ್ಲ. ಸೊಸಿ ಮಾತು ಕೇಳ್ತಾನ? ಆದ್ರ ಕೊಟ್ಟಾಂವ ತಿರುಗಿ ಬಂದು ಮುಂದ ನಿಂತ್ರ, ರಾಜಗ ಕೊಟ್ಟ ಮಾತು ನೆನಪಾಗ್ಬೇಕಲ್ಲ. ಭಕ್ತರ ಮುಂದ ಮರ್ಯಾದಿ ಅಂಬೋದು ಭಾಳ ದೊಡ್ಡ ರೋಗ ಅವಂಗ."

ರಾಜೇಶ್ವರಿ ಫೋನು ತೆಗೆದಳು.

"ದೇವೀಂದ್ರಪ್ಪಣ್ಣಾರ, ಶರಣ್ರಿ. ನಿಮ್ಮ ಮಷೀನಿಗಿ ಮಾವಾರು ಪೂಜಿ ಜೋರ್ ಮಾಡ್ಲಿಕತ್ತಾರ, ಒಮ್ಮೆ ಬಂದು ನೋಡ್ರಿ. ಬರೋವಾಗ ತಾನೇ ಬಂದ್ ಆಗೋ ಸ್ವಿಚ್ಚು ಹೊಸಾದು ಒಂದು ತರ್ರಿ. ಈಗಿಂದು ಟಕ್ ಅನ್ನವಲ್ದು."

ಆ ಕಡೆಯಿಂದ ದೇವೀಂದ್ರಪ್ಪನ ದನಿ ಏರಿತು. "ಟಕ್ ಅನ್ನವಲ್ದಾ? ನಾಳಿಗೇ ಬರ್ತೀನ್ರಿ ಅಕ್ಕಾರ. ಅಲ್ಲೀತನ ಯಾರೂ ಚಾಲೂ ಮಾಡಬ್ಯಾಡ್ರಿ."

ಬಂದ. ಹೆಂಡತಿ ಹೀರಾಬಾಯಿಯನ್ನು ಕರೆದುಕೊಂಡು ಬಂದ. ಪಾದಪೂಜೆ ಎಂದು ತಿಳಿದು ಓಣಿಯ ಆರು ಜನ ಟೆಂಪೋ ಹತ್ತಿಕೊಂಡು ಬಂದಿದ್ದರು. ಹಿತ್ತಾಳೆಯ ಪರಾತದಲ್ಲಿ ಅಯ್ಯನವರ ಪಾದ ತೊಳೆದದ್ದಾಯಿತು, ಹೂ ಏರಿಸಿದ್ದಾಯಿತು. ಆಮೇಲೆ ದೇವೀಂದ್ರಪ್ಪ ಕಾವಿ ಬಟ್ಟೆ ಸರಿಸಿದ. ಅವನ ಕಣ್ಣು ಮೊದಲು ಹೋದದ್ದು ವಾಲಿನ ಮೇಲಿನ ಒಂಬತ್ತೆಳೆಗೆ. ಇಪ್ಪತ್ತು ವರ್ಷ ಗಾಳಿಯ ಜೊತೆ ಬದುಕಿದ ಮನುಷ್ಯ, ಮುಖದ ರಕ್ತ ಇಳಿಯಿತು. ಆದರೆ ಭಕ್ತ.

"ಅಯ್ಯನೋರ, ಈ ಕಂಕಣ ಮಷೀನಿಗಿ ಯಾಕ್ರಿ? ನಾ ಪಾಪಿ, ನನ್ನ ಕೈಗಿ ಕಟ್ರಿ."

ಅಯ್ಯನವರಿಗೆ ಇದು ಹಿಡಿಸಿತು. ದೇವೀಂದ್ರಪ್ಪನೇ ಬೇಗಬೇಗ ಬಿಚ್ಚಿ ಕೊಟ್ಟ. ಕಟ್ಟಿಸಿಕೊಂಡು, ಬೆವರು ಒರೆಸಿಕೊಂಡು, ಹಳೇ ಸ್ವಿಚ್ಚು ತೆಗೆದು ಹೊಸದು ಕೂಡಿಸಿದ. ಉಂಗುರ ಎಳೆದು ನೋಡಿದ. ಉಳಿದಿದ್ದ ಗಾಳಿ ಒಂದಿಷ್ಟು ಚುಸ್ಸೆಂದಿತು.

"ಇನ್ನ, ನೀರು ದಿನಾ ಬಿಡ್ಲಿಕತ್ತೀರಿಲ್ಲರಿ?"

"ಗುರುಲಿಂಗಯ್ಯ ಕೊಟ್ಟ ಮಾತು ಯಾವಾಗರೆ ಹುಸಿ ಹೋಗ್ಯಾದೇನು?"

"ಇಲ್ಲರಿ, ಅದಕ್ಕೇ ಅಂದೆ. ಈಗ ಸಂಜಿ ಆಗ್ಯಾದ, ಬಿಡೋ ಹೊತ್ತು. ನೋಡಿ ಪುಣ್ಯ ಕಟ್ಕೊಂಡು ಹೋಗ್ತೀವಿ."

ಅಯ್ಯನವರು ಎದ್ದು ನಿಂತು ಕಿಂಡಿಯನ್ನು ನೋಡಿದರು. ಬಿದ್ದ ವಸ್ತ್ರವನ್ನು ನೋಡುವ ಹಾಗೆಯೇ ನೋಡಿದರು. ನೋಡುತ್ತಲೇ ಇದ್ದರು. ಎಂಟು ಜನ ಭಕ್ತರು ಏನನ್ನೂ ಅರ್ಥಮಾಡಿಕೊಳ್ಳದೆ ಕೈಮುಗಿದು ನಿಂತಿದ್ದರು. ಅರ್ಥವಾಗಿದ್ದ ರಾಜೇಶ್ವರಿ ಪಾದಪೂಜೆಯ ಪರಾತದ ನೀರು ಚೆಲ್ಲಿ ಬಂದು, ಅದನ್ನು ಕಿಂಡಿಯ ಬಾಯಿಗೆ ಇಟ್ಟು, ಅಯ್ಯನವರ ಕೈಗೆ ಅವರ ಓದುವ ಚಷ್ಮಾ ಕೊಟ್ಟಳು.

"ಪ್ಲಗ್ಗು ತೆಗೆದೀನಿ ಮಾವಾರ. ಸ್ವಲ್ಪೇ ಗಾಳಿ ಉಳಿದದ, ನೀರು ದೂಡ್ಲಿಕ್ಕ. ಕಣ್ಣಿಗಿ ಹಾಕ್ಕೊಂಡು ಕುಂದ್ರಿ."

ಕೂತರೆ ಕೈ ನಿಲುಕಲಿಲ್ಲ. ಮೂರು ಪದರ ಪರಸಿಯನ್ನು ಅವರೇ ಹೇಳಿ ಕಟ್ಟಿಸಿದ್ದರಲ್ಲ. ಮೊದಲು ಮಂಡಿಗಳು ಒಣ ತೊಗರಿಕಾಯಿಯ ಹಾಗೆ ಚಟಚಟ ಅಂದವು. ಆಮೇಲೆ ಅಂಗೈ ನೆಲ ಮುಟ್ಟಿತು. ಆಮೇಲೆ, ಅರವತ್ತೈದು ವರ್ಷದಲ್ಲಿ ಮೊದಲ ಸಲ, ಹೊಟ್ಟೆ, ಎದೆ, ಗಡ್ಡ. ಗುರುಲಿಂಗಯ್ಯನವರು ಹವಾ ಮಷೀನಿನ ಮುಂದೆ ಉದ್ದಕ್ಕೆ ಮಲಗಿ ಬಲಗೈಯನ್ನು ಕಿಂಡಿಯೊಳಗೆ ಚಾಚಿದರು.

ದೇವೀಂದ್ರಪ್ಪ ನೋಡಿದ. ಗುರುವೇ ಅಡ್ಡಬಿದ್ದ ಮೇಲೆ ತಾನು ಯಾವ ಗಿಡದ ತೊಪ್ಪಲು? ಧೊಪ್ಪೆಂದು ಅಡ್ಡಬಿದ್ದ. ಅವನ ಹಿಂದೆ ಹೀರಾಬಾಯಿ, ಹೀರಾಬಾಯಿಯ ಹಿಂದೆ ಓಣಿಯ ಆರೂ ಜನ. ಪಡಸಾಲೆಯ ತುಂಬ ಬೆನ್ನುಗಳೇ ಬೆನ್ನುಗಳು. ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದ ಆಯಿ ಮಾತ್ರ ಅಡಕೊತ್ತು ಕೈಯಲ್ಲೇ ಹಿಡಿದು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ತಿರುಗವಲ್ದು" ಎಂದರು ಅಯ್ಯನವರು ನೆಲಕ್ಕೆ.

ಎಂಟು ತಿಂಗಳ ತುಕ್ಕು. ರಾಜೇಶ್ವರಿ ಮಗ್ಗುಲಿಗೆ ಕೂತು ಪಕ್ಕಡ ಕೊಟ್ಟಳು. "ನಲ್ಲಿ ಕಿವಿ ಹಿಡ್ದು ಎಡಕ್ಕ ತಿರುವ್ರಿ. ಸಾವಕಾಶ, ಮುರದೀತು. ಮಾರಿ ಆ ಕಡಿ ಮಾಡ್ರಿ."

ಅಯ್ಯನವರು ಮಾರಿ ಈ ಕಡೆಗೇ ಇಟ್ಟು ತಿರುವಿದರು. ನಲ್ಲಿ ಒಮ್ಮೆ ನರಳಿ, ತೆರೆಯಿತು. ಕೆಂಪಗೆ, ಕೊಳೆತ ಮೊಳೆಯ ವಾಸನೆಯ ನೀರು ಚಿಮ್ಮಿ ಗಡ್ಡಕ್ಕೆ, ವಿಭೂತಿಗೆ, ಚಷ್ಮಾದ ಗಾಜಿಗೆ ಬಡಿದು, ಅಲ್ಲಿಂದ ಪರಾತಕ್ಕೆ ಬಿತ್ತು. ಪರಾತ ತುಂಬಿತು. ರಾಜೇಶ್ವರಿ ಚೆಲ್ಲಿ ಬಂದಳು. ಮತ್ತೆ ತುಂಬಿತು. ಹೀರಾಬಾಯಿ ಮಲಗಿದಲ್ಲಿಂದಲೇ ಬೊಗಸೆ ಚಾಚಿದಳು.

"ಬ್ಯಾಡ್ರಿ ಅಕ್ಕಾರ. ತೀರ್ಥ ಅಲ್ಲದು, ತುಕ್ಕು."

ಹೀರಾಬಾಯಿ ಬೊಗಸೆಯನ್ನು ಮನಸ್ಸಿಲ್ಲದೆ ಹಿಂದೆ ತೆಗೆದುಕೊಂಡಳು. "ಇದು ಯಾವ ಪೂಜಿರಿ ಅಯ್ಯನೋರ? ನಾವೆಂದೂ ನೋಡಿಲ್ಲ."

ಅಯ್ಯನವರು ಗಡ್ಡದಿಂದ ನೀರು ಇಳಿಸುತ್ತ ಸ್ವಲ್ಪ ಯೋಚಿಸಿದರು. "ಸಂಜಿ ಸೇವಾ" ಅಂದರು. ಮತ್ತೂ ಸ್ವಲ್ಪ ಯೋಚಿಸಿ, "ದಿನಾ ಇರ್ತದ" ಅಂದರು.

ಮೂರನೆಯ ಪರಾತ ತುಂಬುವಾಗ ದೇವೀಂದ್ರಪ್ಪ ತಲೆಯೆತ್ತಿ ನೀರನ್ನು ನೋಡಿದ. ದಿನಾ ಬಿಟ್ಟ ಟಾಕಿಯಿಂದ ಒಂದು ಬಟ್ಟಲೂ ಬರುವುದಿಲ್ಲ ಎಂದು ಅವನಿಗೆ ಗೊತ್ತಿರದೆ ಯಾರಿಗೆ ಗೊತ್ತಿರಬೇಕು? "ಎಂಟು ತಿಂಗಳದ್ದು ಒಮ್ಮೆಲೇ ಬಿಟ್ರಿ ಅಯ್ಯನೋರ" ಅಂದ. "ಸಣ್ಣವರ ಕೈಲೆ ಆಗೋ ಕೆಲಸ ಅಲ್ಲ ಬಿಡ್ರಿ." ಅವನು ಭಕ್ತಿಯಿಂದ ಅಂದನೋ, ಟೈರಿನ ಅಂಗಡಿಯವನಾಗಿ ಅಂದನೋ, ರಾಜೇಶ್ವರಿಗೆ ಅವನ ಮುಖ ನೋಡಿಯೂ ತಿಳಿಯಲಿಲ್ಲ. ಅಯ್ಯನವರು ಮಾತ್ರ ಮಲಗಿದಲ್ಲೇ ಗೋಣು ಹಾಕಿದರು.

ನಾಲ್ಕನೆಯ ಪರಾತ ಅರ್ಧಕ್ಕೆ ನಿಂತಿತು. ಧಾರೆ ಹನಿಯಾಯಿತು, ಹನಿ ಬುಸುಗುಟ್ಟುವ ಗಾಳಿಯಾಯಿತು. ರಾಜೇಶ್ವರಿ ಹಳೇ ಪೇಪರಿನ ಒಂದು ತುಂಡು ಹರಿದು, ಚಿಮಟಿಗೆಯಲ್ಲಿ ಹಿಡಿದು ಕಿಂಡಿಯೊಳಗೆ ಒಡ್ಡಿದಳು. ಹತ್ತು ಎಣಿಸಿದಳು. ಹೊರಗೆ ತೆಗೆದು, ಹಿತ್ತಲ ಬಾಗಿಲಿನಿಂದ ಬರುತ್ತಿದ್ದ ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದಳು. ಅದರಾಚೆ ನಲವತ್ತು ಕುರ್ಚಿಗಳು ಸಾಲಾಗಿ ನಿಂತಿದ್ದವು. ಪೇಪರು ಒಣಗಿಯೇ ಇತ್ತು, ಒಂದು ಹನಿಯೂ ಬಿದ್ದಿರಲಿಲ್ಲ.

"ಆಯ್ತು ಮಾವಾರ. ಇನ್ನ ಬಂದ್ ಮಾಡ್ರಿ."

ಅಯ್ಯನವರು ನಲ್ಲಿಯನ್ನು ಬಲಕ್ಕೆ ತಿರುವಿದರು.